ಮುದಕಪ್ಪನ ಕಲ್ಲು

ಫಕೀರವ್ವನ ಮಗಳು ದಾನಮ್ಮ ಐದು ವರ್ಷ ಎಂಟು ತಿಂಗಳಿಗೆ ಮಾತಾಡತೊಡಗಿದಳು. ನಮ್ಮೂರಿನ ಲೆಕ್ಕದಲ್ಲಿ ಅದು ಬೇಗ. ಅವಳಿಗಿಂತ ದೊಡ್ಡವರಲ್ಲಿ ಎಂಟು ತುಂಬಿದರೂ ಬಾಯಿ ಬಾರದ ಮಕ್ಕಳಿದ್ದರು. ಅದು ಮಕ್ಕಳ ದೋಷವಲ್ಲ. ಮಂಗಳ ಮತ್ತು ಗುರುವಿನ ನಡುವಿನ ಬಯಲಿನಲ್ಲಿ ಸುತ್ತುವ ಕಲ್ಲುಗಳಲ್ಲಿ ಹೊಸದೊಂದು ಕಂಡಾಗ ಗುಡ್ಡದ ಮೇಲಿನ ಗುಮ್ಮಟದಲ್ಲಿ ಕೂತು ಆಕಾಶ ನೋಡುವವರು ಅದನ್ನು ಸರದಿಯಲ್ಲಿರುವ ಮಗುವಿಗೆ ಎತ್ತಿಡುತ್ತಾರೆ. ಕಂಡ ಮಾತ್ರಕ್ಕೆ ಹೆಸರಿಡುವಂತಿಲ್ಲ. ಕಲ್ಲು ಸೂರ್ಯನ ಹಿಂದೆ ಹೋಗಿ ಮತ್ತೆ ಈಚೆ ಬರಬೇಕು. ಹಾಗೆ ನಾಲ್ಕು ಸಲ ಬಂದದ್ದನ್ನು ಕಂಡು, ಅದರ ದಾರಿ ಇಂಥದ್ದೇ ಎಂದು ಖಾತ್ರಿಯಾದ ಮೇಲೆ ಅದಕ್ಕೊಂದು ಸಂಖ್ಯೆ. ಸಂಖ್ಯೆ ಸಿಕ್ಕ ಮೇಲೆ ಹೆಸರು, ಆ ಮಗುವಿನದೇ. ಗುಮ್ಮಟದ ಕಟ್ಟೆಯ ಮೇಲೆ ನಿಂತು ಆ ಹೆಸರನ್ನು ಮೂರು ಸಲ ಕೂಗುತ್ತಾರೆ. ಮೂರನೆಯ ಕೂಗಿಗೆ ಮಗು ಬಾಯಿ ತೆರೆಯುತ್ತದೆ.

ಹೆಸರಾದ ಮೇಲೂ ಕಲ್ಲು ಒಂದೇ ಕಡೆ ನಿಲ್ಲುವುದಿಲ್ಲವಲ್ಲ. ಸುಮಾರು ಹದಿನೈದು ತಿಂಗಳಿಗೊಮ್ಮೆ ಅದು ಸೂರ್ಯನ ಬೆಳಕಿನೊಳಗೆ ಮುಳುಗುತ್ತದೆ. ಅದರ ಹೆಸರಿನವರ ಮಾತೂ ಮುಳುಗುತ್ತದೆ. ಇದಕ್ಕೆ ನಾವು ಮರೆ ಎನ್ನುತ್ತೇವೆ. ಎರಡು ತಿಂಗಳು, ಕೆಲವರಿಗೆ ಮೂರು. ಆ ದಿನಗಳಲ್ಲಿ ಕೆಮ್ಮಿದರೂ ಸದ್ದಿರುವುದಿಲ್ಲ. ಬೆಳಗಿನ ಜಾವದ ಮೂಡಲಲ್ಲಿ ಕಲ್ಲು ಮತ್ತೆ ಕಂಡಿತು ಎಂದು ಗುಮ್ಮಟದಿಂದ ಕೂಗಿದಾಗಲೇ ಮಾತು ವಾಪಸು. ಮರೆಯಲ್ಲಿರುವವರು ಮಣಿಕಟ್ಟಿಗೆ ನೀಲಿ ದಾರ ಕಟ್ಟಿಕೊಳ್ಳುತ್ತಾರೆ. ವಾದಿಗೆ ಮರೆ ಬಂದರೆ ಪಂಚಾಯ್ತಿ ವ್ಯಾಜ್ಯವನ್ನು ಮುಂದೂಡುತ್ತದೆ. ಸಂತೆಯಲ್ಲಿ ನೀಲಿ ದಾರದವರ ಹತ್ತಿರ ಚೌಕಾಶಿ ಮಾಡುವುದು ಮರ್ಯಾದೆಯಲ್ಲ. ಲಗ್ನ ಕೂಡಿಸುವಾಗ ಎರಡೂ ಕಡೆಯ ಕಲ್ಲುಗಳ ಮರೆಯನ್ನು ತಾಳೆ ನೋಡುತ್ತಾರೆ. ಇಬ್ಬರಿಗೂ ಒಮ್ಮೆಗೇ ಬಂದರೆ ಮನೆ ಸುಡುಗಾಡಾದೀತು ಎಂಬುದು ಹಿರಿಯರ ಹೆದರಿಕೆ. ಬೇರೆ ಬೇರೆ ಬಂದರೆ ಜಗಳದಲ್ಲಿ ಒಬ್ಬರೇ ಬೈಸಿಕೊಳ್ಳಬೇಕಾದೀತು ಎಂಬುದು ಹರೆಯದವರ ಹೆದರಿಕೆ.

ನನ್ನ ಅಪ್ಪ ಮುದಕಪ್ಪನ ಮಣಿಕಟ್ಟಿನಲ್ಲಿ ನೀಲಿ ದಾರ ಇರಲಿಲ್ಲ. ಅರವತ್ತು ವರ್ಷ ದಾರ ಕಟ್ಟಿಕೊಂಡು ಯಾರೂ ತಿರುಗುವುದಿಲ್ಲ.

ಅವನು ಕೈಗೂಸಾಗಿದ್ದಾಗ ಅವನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಮೊಮ್ಮಗನ ಬಾಯಿಂದ ಒಂದು ಮಾತು ಕೇಳದೆ ಜೀವ ಹೋಗುವುದಿಲ್ಲ ಎಂದು ಹಟ ಹಿಡಿದಳಂತೆ. ಆಗಿನ ಗುಮ್ಮಟದ ಯಜಮಾನರಿಗೆ ಮುದುಕಿಯ ಸಂಕಟ ನೋಡಲಾಗಲಿಲ್ಲ. ಮಗುವಿಗೆ ಎತ್ತಿಟ್ಟ ಕಲ್ಲು ಕೇವಲ ನಾಲ್ಕು ರಾತ್ರಿ ಕಂಡಿತ್ತು, ಆಮೇಲೆ ಮೋಡ. ಆ ನಾಲ್ಕು ಚುಕ್ಕೆಗಳಿಂದಲೇ ನಾಲ್ಕೂವರೆ ವರ್ಷದ ದಾರಿಯನ್ನು ಲೆಕ್ಕ ಹಾಕಿ, ನಿಯಮ ಬದಿಗಿಟ್ಟು ಹೆಸರು ಕೂಗಿಬಿಟ್ಟರು. ಮಗು ಏನೋ ಅಂದಿತು. ಮುದುಕಿ ಕೇಳಿ ಕಣ್ಣು ಮುಚ್ಚಿದಳು. ಕೆಲವು ತಿಂಗಳಿಗೆ ಕಲ್ಲು ಸೂರ್ಯನ ಹಿಂದೆ ಹೋಯಿತು. ಈಚೆ ಬರಬೇಕಾದ ಜಾಗಕ್ಕೆ ದೂರದರ್ಶಕ ತಿರುಗಿಸಿ ನೋಡಿದರೆ ಅಲ್ಲಿ ಏನೂ ಇರಲಿಲ್ಲ. ನಾಲ್ಕು ರಾತ್ರಿಯ ಲೆಕ್ಕದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ದಿನ ಕಳೆದಂತೆ ಅದು ಬೆಳೆಯುತ್ತದೆ. ಮೊದಲು ಒಂದು ಹೊಲದಷ್ಟು ಜಾಗದಲ್ಲಿ ಹುಡುಕಬೇಕಾಗಿದ್ದ ಕಲ್ಲನ್ನು ಈಗ ಒಂದು ತಾಲ್ಲೂಕಿನಷ್ಟು ಜಾಗದಲ್ಲಿ ಹುಡುಕಬೇಕಾಗಿತ್ತು. ಹುಡುಕಿದರು. ಸಿಗಲಿಲ್ಲ. ಬೇರೆ ಕಲ್ಲು ಕೊಡುವಂತಿರಲಿಲ್ಲ. ಅವನ ಹೆಸರು ಆಗಲೇ ಒಂದು ಕಲ್ಲಿನ ಮೇಲಿತ್ತು, ಅದು ಎಲ್ಲಿದೆಯೋ ಗೊತ್ತಿಲ್ಲದಿದ್ದರೂ.

ಅಪ್ಪ ಹಗ್ಗ ಹೊಸೆಯುತ್ತಿದ್ದ. ಮರೆಯ ದಿನಗಳಿಗೆಂದು ಊರಿನವರು ಬಳಸುವ ಸನ್ನೆಗಳು ಹತ್ತೋ ಇಪ್ಪತ್ತೋ: ನೀರು, ಊಟ, ಬಾ, ಬೇಡ. ಎರಡು ತಿಂಗಳಿಗೆ ಅಷ್ಟು ಸಾಕು. ಅಪ್ಪನಿಗೆ ಸಾಲದು. ಅವನು ತನ್ನದೇ ಸನ್ನೆಗಳನ್ನು ಮಾಡಿಕೊಂಡಿದ್ದ. ಹೊಸೆಯುವುದು, ಬಿಚ್ಚುವುದು, ಎಳೆಯುವುದು, ಗಂಟು, ಕುಣಿಕೆ, ಇವುಗಳಿಂದ ಹುಟ್ಟಿದ ಸನ್ನೆಗಳು. ನಮ್ಮ ಮನೆಯವರಿಗೆ ಬಿಟ್ಟು ಬೇರೆಯವರಿಗೆ ತಿಳಿಯುತ್ತಿರಲಿಲ್ಲ. "ನಿನ್ನ ಪುಣ್ಯ ಬೇ, ಗಂಡ ಬೈಯೂದಿಲ್ಲ" ಎಂದು ಓಣಿಯ ಹೆಂಗಸರು ಅವ್ವನನ್ನು ಕಾಡಿಸುತ್ತಿದ್ದರು. ಅವ್ವ ನಕ್ಕು, "ಹೆಸರು ಹಿಡದು ಕರೀಲಿ, ಆಮ್ಯಾಲೆ ಬೇಕಾದ್ರ ಬೈಲಿ" ಎನ್ನುತ್ತಿದ್ದಳು. ಅವಳು ಸಾಯುವ ದಿನವೂ ಅಪ್ಪನ ಕೈಗಳನ್ನೇ ನೋಡುತ್ತಿದ್ದಳು. ಕೊನೆಗೆ ಅವಳ ಕಣ್ಣು ಕಾಣದಾಯಿತು. ಆಮೇಲೂ ಅಪ್ಪ ಬಹಳ ಹೊತ್ತು ಕೈಯಾಡಿಸುತ್ತಲೇ ಇದ್ದ. ಅವನು ಏನು ಹೇಳುತ್ತಿದ್ದಾನೆಂದು ಅವಳಿಗೆ ತಿಳಿಸಲು ನಾನು ಕಿವಿಯ ಹತ್ತಿರ ಬಾಯಿಟ್ಟು ಹೇಳಬೇಕಾಯಿತು. ಹೇಳುತ್ತಿದ್ದದ್ದು ನನ್ನ ದನಿ. ಅವಳಿಗೆ ಬೇಕಾಗಿದ್ದದ್ದು ಅದಲ್ಲ.

ನಾನು ಗುಮ್ಮಟದ ಕೆಲಸಕ್ಕೆ ಸೇರಿದ್ದೇ ಅಪ್ಪನ ಕಲ್ಲು ಹುಡುಕಲು. ರಾತ್ರಿ ನೋಡುವವರು ಬೇರೆ. ನನ್ನದು ಹಗಲಿನ ಕೆಲಸ. ಆಕಾಶದ ಒಂದೇ ತುಂಡನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಗಾಜಿನ ಚಿತ್ರಗಳನ್ನು ಒಂದು ಯಂತ್ರದಲ್ಲಿಟ್ಟು, ಒಂದಾದ ಮೇಲೊಂದು ಕಣ್ಣಿಗೆ ಬೀಳುವಂತೆ ಮಿಣುಕಿಸಬೇಕು. ನಕ್ಷತ್ರಗಳು ಕದಲುವುದಿಲ್ಲ. ಕಲ್ಲು ಇದ್ದರೆ ಚಿಗಟದಂತೆ ಅತ್ತಿಂದಿತ್ತ ಹಾರುತ್ತದೆ. ಇಪ್ಪತ್ತೆರಡು ವರ್ಷ ಹಾಗೆ ಚಿಗಟ ನೋಡಿದೆ. ಎಷ್ಟೋ ಮಕ್ಕಳಿಗೆ ಮಾತು ಬಂತು. ಅಪ್ಪನದು ಸಿಗಲಿಲ್ಲ.

ದಾನಮ್ಮ ಪಕ್ಕದ ಮನೆಯವಳು. ಮಾತು ಬರುವ ಮುಂಚಿನ ಐದು ವರ್ಷ ಅವಳು ನಮ್ಮ ಹಿತ್ತಲಲ್ಲೇ ಬೆಳೆದಳು. ಹಗ್ಗ ಹೊಸೆಯಲು ಇನ್ನೊಂದು ತುದಿ ಹಿಡಿಯುವವರು ಬೇಕು, ಅವಳು ಹಿಡಿಯುತ್ತಿದ್ದಳು. ಹಾಗಾಗಿ ಅಪ್ಪನ ಸನ್ನೆಗಳೆಲ್ಲ ಅವಳಿಗೆ ಬಂದವು. ಹೆಸರು ಕೂಗಿದ ದಿನ ಅವಳು ಬಾಯಿ ತೆರೆದವಳು ಮುಚ್ಚಲಿಲ್ಲ. ಐದು ವರ್ಷದ ಬಾಕಿಯನ್ನೆಲ್ಲ ತೀರಿಸುವಂತೆ ಮಾತಾಡಿದಳು. ಅಪ್ಪನ ಕೈ ಆಡಿದರೆ ಸಾಕು, ಪಕ್ಕದಿಂದ ಅವಳ ಬಾಯಿ ಶುರುವಾಗುತ್ತಿತ್ತು. ಸಂತೆಗೆ ಹಗ್ಗ ಮಾರಲು ಇಬ್ಬರೂ ಒಟ್ಟಿಗೆ ಹೋಗುವರು. ಮುದುಕನ ಕೈಗೂ ಮಗುವಿನ ಬಾಯಿಗೂ ಗಿರಾಕಿಗಳು ಒಗ್ಗಿಹೋದರು.

"ಶಾರತ್ತಿ, ಅಜ್ಜ ಅಂತಾನ, ನಿನ್ನ ರೊಟ್ಟಿ ಹಳೇ ಚಪ್ಪಲಿ ಆಗ್ಯಾವಂತ," ಎಂದು ಊಟದ ಹೊತ್ತಿಗೆ ನನಗೆ ವರದಿ.

"ಅಜ್ಜ ಹಂಗ ಅಂದ್ನೋ, ನೀ ಅಂದ್ಯೋ?"

"ಅಜ್ಜ ತೊಗಲು ಅಷ್ಟ ಅಂದ. ಚಪ್ಪಲಿ ನಾ ಮಾಡ್ದೆ."

ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ, ಸದ್ದಿಲ್ಲದೆ, ಹೆಗಲು ಮಾತ್ರ ಕುಣಿಯುತ್ತ.

ಗುಮ್ಮಟದಲ್ಲಿ ನನ್ನದೊಂದು ಮಾಮೂಲು ಕೆಲಸವಿತ್ತು. ಸಂಖ್ಯೆ ಸಿಕ್ಕ ಪ್ರತಿ ಕಲ್ಲಿನ ದಾರಿಯನ್ನೂ ಹಿಂದಕ್ಕೆ ಓಡಿಸಿ, ಹಳೆಯ ಗಾಜುಗಳಲ್ಲಿ ಅದು ಆಗಲೇ ಎಲ್ಲಾದರೂ ಬಿದ್ದಿದೆಯೇ ಎಂದು ನೋಡುವುದು. ಬಿದ್ದಿದ್ದರೆ ದಾರಿ ಇನ್ನಷ್ಟು ಗಟ್ಟಿಯಾಗುತ್ತದೆ, ಮರೆ ಎಂದು ಶುರು ಎಂದು ಮುಗಿಯುತ್ತದೆ ಎಂದು ಮೊದಲೇ ಸರಿಯಾಗಿ ಹೇಳಬಹುದು. ದಾನಮ್ಮನಿಗೆ ಏಳು ತುಂಬಿದ ಮೇಲೆ ಒಂದು ವಾರ ಅವಳ ಕಲ್ಲಿನ ಸರದಿ ಬಂತು. ನಾಲ್ಕು ಸಲ ಬಂದಾಗಲೂ ಚೆನ್ನಾಗಿ ಕಂಡ ಕಲ್ಲು, ಲೆಕ್ಕ ಭದ್ರವಾಗಿತ್ತು. ಹಿಂದಕ್ಕೆ ಓಡಿಸಿದೆ, ಗುರುವಿನ ಎಳೆತವನ್ನು ಕಳೆದು ಕೂಡಿಸುತ್ತ. ಅರವತ್ತು ವರ್ಷದಾಚೆ ಅದು ಹೋಗಿ ನಿಂತ ಜಾಗದ ಗಾಜು ನನಗೆ ಅಂಗೈಯಷ್ಟು ಪರಿಚಿತ. ಅದರಲ್ಲಿ ಶಾಯಿಯಿಂದ ಸುತ್ತು ಹಾಕಿದ ಚುಕ್ಕೆ ಅಪ್ಪನದು.

ಒಂದು ಚುಕ್ಕೆ ಆಕಸ್ಮಿಕವಾಗಿ ಹೊಂದಬಹುದು. ಉಳಿದ ಮೂರು ರಾತ್ರಿಯ ಗಾಜುಗಳನ್ನೂ ತೆಗೆದೆ. ಜಾಗ ಹೊಂದಿತು, ವೇಗ ಹೊಂದಿತು, ದಿಕ್ಕು ಹೊಂದಿತು. ಎರಡು ಸಲ ಕಂಡುಹಿಡಿದ ಒಂದೇ ಕಲ್ಲು. ಅಪ್ಪನ ಕಲ್ಲು ಸಿಕ್ಕಿತು ಎಂದು ನಾನು ಕುರ್ಚಿಯಿಂದ ಎದ್ದು ನಿಂತೆ. ಅದು ಯಾರ ದಾರಿಯ ಬಾಲ ಹಿಡಿದು ಸಿಕ್ಕಿತು ಎಂಬುದು ಮತ್ತೆ ಕೂತ ಮೇಲೆ ತಲೆಗೆ ಹೋಯಿತು.

ಈಗಿನ ಯಜಮಾನರು ತೋಟಪ್ಪ ಮಾಸ್ತರರು. ಗಾಜು ತೋರಿಸಿದೆ. ಅವರು ಬಹಳ ಹೊತ್ತು ಮಸೂರದ ಮೇಲೆ ಬಗ್ಗಿದ್ದು ಎದ್ದರು.

"ತಪ್ಪಿರಬೇಕು."

"ಮೂರು ಸಲ ತೆಗದೀನ್ರಿ ಲೆಕ್ಕ."

"ಹೂಂ." ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. "ಶಾರವ್ವಾ, ಇವತ್ತ ನಾನು ಕಣ್ಣಾಗ ಔಷಧ ಹಾಕ್ಕೊಂಡೀನಿ. ನನಗ ಏನೂ ಸರಿ ಕಾಣವಲ್ದು. ನಾಳೆ ನೀ ಈ ಗಾಜು ತಂದ್ರ ನೋಡ್ತೀನಿ. ತರದಿದ್ರ ನಾ ಏನ್ ನೋಡ್ಲಿ?"

"ನಿಯಮ ಏನೈತ್ರಿ?"

"ನನ್ನ ಬಾಯಿಲೆ ಅನಸ್ತೀಯೇನು? ಮೊದಲ ಹೆಸರಾದವರದ ಕಲ್ಲು. ಎರಡನೇ ಹೆಸರು ಬಿದ್ದು ಹೋಗ್ತೈತಿ."

"ಹುಡುಗಿಗೆ ಬ್ಯಾರೇದು ಕೊಡಬಹುದಲ್ರಿ?"

"ಕೊಡೋಣು. ಸಿಕ್ಕರ."

ಸಿಗುವುದು ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ದೂರದರ್ಶಕಕ್ಕೆ ಕಾಣುವಷ್ಟು ಬೆಳಗುವ ಕಲ್ಲುಗಳು ಮುಗಿಯುತ್ತ ಬಂದಿದ್ದವು. ಹಿಂದಿನ ವರ್ಷ ಸಿಕ್ಕದ್ದು ಮೂರು. ಸರದಿಯಲ್ಲಿದ್ದ ಕೂಸುಗಳು ನಲವತ್ತರ ಮೇಲೆ. ಸರದಿಗೆ ಹೊಸದಾಗಿ ಸೇರುವವರು ಕೊನೆಗೇ ನಿಲ್ಲಬೇಕು, ಏಳು ವರ್ಷದವರಾದರೂ.

ಸಂಜೆ ಹಿತ್ತಲಿಗೆ ಹೋದೆ. ಅಪ್ಪ ಪುಂಡಿನಾರು ನೆನೆಹಾಕುತ್ತಿದ್ದ. ದಾನಮ್ಮ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಅಜ್ಜ ಕೇಳಾಕತ್ಯಾನ, ಯಾಕ ಮಾರಿ ಸಣ್ಣ ಮಾಡಿ ಅಂತ. ನಾನೂ ಅದನ್ನ ಕೇಳೂದೈತಿ" ಎಂದಳು. ಏನಿಲ್ಲ, ತಲೆನೋವು ಎಂದೆ. ಅಪ್ಪನಿಗೆ ಹೇಳಿ ಒಂದು ಮಾತು ಕೇಳಬೇಕೆನ್ನಿಸಿತು. ಆದರೆ ಹುಡುಗಿ ಪಕ್ಕದಲ್ಲೇ ಇದ್ದಾಳೆ, ಬಾಯಲ್ಲಿ ಹೇಳಿದರೂ ಸನ್ನೆಯಲ್ಲಿ ಹೇಳಿದರೂ ಅವಳಿಗೆ ತಿಳಿಯುತ್ತದೆ. ಅವಳು ಹೋದ ಮೇಲೆ ಕೇಳಬಹುದಾಗಿತ್ತು. ಅವಳು ಉಂಡು ಮಲಗಲು ಹೋದಳು. ನಾನು ಕೇಳಲಿಲ್ಲ. ಅವ್ವನ ಕಿವಿಯ ಹತ್ತಿರ ಬಾಯಿಟ್ಟು ಕೂತಿದ್ದ ದಿನವೇ ಕಣ್ಣ ಮುಂದಿತ್ತು. ಅಪ್ಪನಿಗೂ ವಯಸ್ಸಾಗಿದೆ, ನಾನು ಒಂದು ಸಲವಾದರೂ ಅವನ ದನಿ ಕೇಳಬೇಕು ಎಂಬುದೊಂದೇ ಲೆಕ್ಕ. ಆ ಲೆಕ್ಕದಲ್ಲಿ ಕಳೆಯುವುದನ್ನು ನಾನು ಮಾಡಲಿಲ್ಲ.

ಮರುದಿನ ಗಾಜು ಒಯ್ದೆ. ಮಾಸ್ತರರು ಇನ್ನೇನೂ ಅನ್ನದೆ ನೋಡಿದರು. "ಮಧ್ಯಾಹ್ನಕ್ಕ ನಿಮ್ಮಪ್ಪನ ಹೆಸರು ಕೂಗ್ತೀನಿ. ನೀ ಮನೀಗೆ ಹೋಗು" ಎಂದರು.

ಮನೆಗೆ ಬಂದಾಗ ಇಬ್ಬರೂ ಹಿತ್ತಲಲ್ಲಿ ಹಗ್ಗದ ಎರಡು ತುದಿಯಲ್ಲಿದ್ದರು. ಅಪ್ಪನ ಎರಡೂ ಕೈ ನಾರಿನಲ್ಲಿ ತೊಡಗಿದ್ದರಿಂದ ಅವನದು ಕೇಳುವ ಪಾಳಿ. ದಾನಮ್ಮ ತಮ್ಮ ಮನೆಯ ಆಡಿನ ಕಥೆ ಹೇಳುತ್ತಿದ್ದಳು. "ಆಮ್ಯಾಲೆ ಅಜ್ಜಾ, ಅದು ಗ್ವಾಡಿ ಹತ್ತಿ, ಮಾಳಿಗಿ ಮ್ಯಾಲೆ ಒಣಹಾಕಿದ್ದ ಅವ್ವನ ಸೀರಿ ಐತಲ್ಲ, ಅದರ ಸೆರಗ..." ಗುಡ್ಡದ ಮೇಲಿಂದ ಕೂಗು ಬಂತು. ಗಾಳಿ ನಮ್ಮ ಕಡೆಗಿರಲಿಲ್ಲ, ಹೆಸರು ಸ್ಪಷ್ಟವಾಗಲಿಲ್ಲ. ಮೂರನೆಯ ಕೂಗಿಗೆ ಹುಡುಗಿಯ ಮಾತು ನಿಂತಿತು. ತುಟಿ ಮಾತ್ರ ಆಡುತ್ತಲೇ ಇತ್ತು. ತನಗೆ ಸದ್ದಿಲ್ಲವೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಡು ಸೀರೆ ತಿಂದು ಮುಗಿಸುವಷ್ಟು ಹೊತ್ತು ಎಂದು ಬೇರೆ ದಿನವಾಗಿದ್ದರೆ ನಾನೇ ನಗೆಯಾಡುತ್ತಿದ್ದೆ.

ಅಪ್ಪ ತಲೆ ಎತ್ತಿ ಅವಳ ಮಣಿಕಟ್ಟು ನೋಡಿದ. ಅವಳಿಗೆ ಮರೆ ಬರಲು ಇನ್ನೂ ಬಹಳ ದಿನವಿತ್ತು. ನಾರಿನ ದೂಳಿಗೋ ಏನೋ, ಅವನಿಗೆ ಕೆಮ್ಮು ಬಂತು.

ಕೆಮ್ಮಿಗೆ ಸದ್ದಿತ್ತು.

ಅವನು ಹಗ್ಗ ಕೈಬಿಟ್ಟ. ಹೊಸೆದದ್ದೆಲ್ಲ ಸರಸರನೆ ಬಿಚ್ಚಿಕೊಂಡಿತು. ಬಾಯಿ ತೆರೆದ. ಅರವತ್ತು ವರ್ಷದ ಮೇಲೆ ಬಂದ ಆ ದನಿ ಮಾತಾಗಲಿಲ್ಲ. ಕಲ್ಲಿನ ಮೇಲೆ ಕೊಡಪಾನ ಎಳೆದಂತೆ ಒಂದು ಸದ್ದು, ಮತ್ತೆ ಒಂದು, ಇನ್ನೊಂದು. ನಾಲಿಗೆ ಎಲ್ಲಿ ತಾಗಬೇಕು, ತುಟಿ ಎಲ್ಲಿ ಕೂಡಬೇಕು, ಅವನಿಗೆ ಒಂದೂ ಗೊತ್ತಿರಲಿಲ್ಲ. ದನಿ ಬಂದರೆ ಮಾತು ಬಂದಂತೆ ಎಂದು ನಾನು ನಂಬಿದ್ದೆ. ನಮ್ಮೂರಿನಲ್ಲಿ ಯಾರಾದರೂ ಹಾಗೇ ನಂಬುತ್ತಿದ್ದರು, ಮರೆ ಮುಗಿದವರು ನಿಲ್ಲಿಸಿದ ಮಾತಿನಿಂದಲೇ ಮುಂದುವರಿಸುವುದನ್ನು ಕಂಡವರು ನಾವು. ಎಳೆಯ ನಾಲಿಗೆ ಮಾತನ್ನು ಬೇಗ ಹಿಡಿಯುತ್ತದೆ, ಅರವತ್ತು ವರ್ಷ ಸುಮ್ಮನೆ ಬಿದ್ದಿದ್ದ ನಾಲಿಗೆಗೆ ಕಲಿಯದ ಮಾತು ಎಲ್ಲಿಂದ ವಾಪಸು ಬರಬೇಕು?

ಅಪ್ಪ ಬಾಯಿ ಮುಚ್ಚಿದ. ಹುಡುಗಿಯನ್ನು ನೋಡಿದ, ಗುಡ್ಡವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಅವನ ಕೈಗಳು ಆಡಿದವು.

"ನಿನ್ನನ್ನು ಯಾರು ಕೇಳಿದ್ದರು?"

ಫಕೀರವ್ವ ಕೈಯಲ್ಲಿ ಹಿಟ್ಟಿನ ಸಮೇತ ಓಡಿಬಂದಳು. ಮಗಳು ಅವಳ ಸೊಂಟ ಹಿಡಿದು ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದಳು. "ಶಾರವ್ವಾ, ಇಕಿ ಕಲ್ಲು ಹಿಂದ ಹೋಗಾಕ ಇನ್ನೂ ಟೈಮ್ ಐತಲ್ಲ? ಹಿಂಗ್ಯಾಕ ಆತು?" ನಾನು ಹೇಳಿದೆ, ಇದ್ದದ್ದನ್ನು ಇದ್ದ ಹಾಗೆ, ಗಾಜು, ಚುಕ್ಕೆ, ದಾರಿ ಎಲ್ಲ. ಅವಳು ಕೊನೆಯವರೆಗೆ ಕೇಳಿದಳು.

"ನಿಮ್ಮಪ್ಪ ಅರವತ್ತ ವರ್ಷ ಸುಮ್ಮಿದ್ದ," ಎಂದಳು. "ಅವಗ ರೂಢಿ ಆಗಿತ್ತು. ನನ್ನ ಮಗಳಿಗೆ ಇಲ್ಲವ್ವಾ."

"ಬ್ಯಾರೆ ಕಲ್ಲು ಕೊಡ್ತಾರ ಅಕ್ಕಾ..."

"ಬಾಯಿ ಮುಚ್ಚು. ನಿನಗ ಬಾಯಿ ಐತಲ್ಲ, ಅದನ್ನ ಮುಚ್ಚು."

ಬಿದ್ದುಹೋದ ಹೆಸರನ್ನು ಕರೆಯುವಂತಿಲ್ಲ. ಅಂದಿನಿಂದ ಫಕೀರವ್ವ ಮಗಳನ್ನು ಕರೆಯಲು ಬಾಗಿಲಿಗೆ ಬಂದು ಚಪ್ಪಾಳೆ ತಟ್ಟುತ್ತಾಳೆ.

ಅಪ್ಪ ಮಾರನೆಯ ದಿನ ಗುಮ್ಮಟಕ್ಕೆ ಹೊರಟ. ನಾನೂ ಬರಬೇಕೆಂದು ಸನ್ನೆ ಮಾಡಿದ. ಅವನ ಕೈಮಾತು ಬಾಯಿಗೆ ತರುವವರು ಈಗ ನಾನೊಬ್ಬಳೇ ಉಳಿದಿದ್ದೆ. ಗುಡ್ಡ ಹತ್ತುವಾಗ ಅವನು ನನಗಿಂತ ನಾಲ್ಕು ಮಾರು ಮುಂದಿದ್ದ. ಎಲ್ಲೂ ತಿರುಗಿ ನೋಡಲಿಲ್ಲ.

ಮಾಸ್ತರರು ಎದ್ದು ನಿಂತು ಅವನಿಗೆ ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

"ಅಪ್ಪಗ ಕಲ್ಲು ಬ್ಯಾಡಂತ್ರಿ," ಎಂದೆ ನಾನು. "ಹುಡುಗಿಗೆ ಕೊಡಬೇಕಂತ."

"ಕೊಡಾಕ ಬರೂದಿಲ್ಲ ಮುದಕಪ್ಪನವರ. ಹೆಸರಿಟ್ಟ ಕಲ್ಲಿಂದ ಹೆಸರು ತಗಿಯೂದಿಲ್ಲ. ಎರಡನೇದನ್ನ ತಗದ್ವಿ, ಯಾಕಂದ್ರ ಅದು ಮೊದಲಿಂದನ ತಪ್ಪಿತ್ತು."

ಅಪ್ಪನ ಕೈಗಳು ಆಡಿದವು. ನಾನು ಮುಖ ತಿರುಗಿಸಿದೆ. ಅವನು ಮತ್ತೆ ಅದೇ ಸನ್ನೆ ಮಾಡಿದ, ಈ ಸಲ ನನ್ನ ಮುಖದ ಹತ್ತಿರ. ಹಗ್ಗದ ಕುಣಿಕೆ, ಆಮೇಲೆ ಬಿಚ್ಚಿದ ಅಂಗೈ.

"ಏನಂತಾರವಾ?" ಮಾಸ್ತರರು ಕೇಳಿದರು.

ಅವನ ಮಾತನ್ನು ನಾನು ಎಂದೂ ಬದಲಿಸಿ ಹೇಳಿದವಳಲ್ಲ. "ನಾ ಸತ್ರ ಏನಾಗ್ತೈತಿ ಅಂತ ಕೇಳಾಕತ್ಯಾನ್ರಿ," ಎಂದೆ.

ಮಾಸ್ತರರು ಕನ್ನಡಕ ತೆಗೆದರು, ಒರೆಸಲಿಲ್ಲ. "ಸತ್ತರೂ ಕಲ್ಲು ನಿಮ್ಮದ. ಸತ್ತವರ ಕಲ್ಲು ಇನ್ನೊಬ್ಬರಿಗೆ ಕೊಟ್ಟಿದ್ರ ಈ ಊರಾಗ ಮಕ್ಕಳು ಸಾಲಿನಾಗ ಯಾಕ ನಿಂದರತಿದ್ರು?"

ಅಪ್ಪ ಕೈಗಳನ್ನು ಕೆಳಗಿಳಿಸಿದ. ಗುಡ್ಡ ಇಳಿಯುವಾಗ ಒಂದು ಕಡೆ ಅವನ ಕಾಲು ಜಾರಿತು. ನಾನು ತೋಳು ಹಿಡಿದೆ. ಅವನು ತೋಳನ್ನು ನನ್ನ ಕೈಯಿಂದ ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡ, ಸಿಕ್ಕುಬಿದ್ದ ಎಳೆಯನ್ನು ಬಿಡಿಸುವಂತೆ, ಸಿಟ್ಟಿಲ್ಲದೆ.

ಮೊದಲ ಕೆಲವು ದಿನ ನಾನು ಅವನ ಎದುರು ಕೂತು ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸಿ ತೋರಿಸಿದೆ. ಹೊಸ ಕೂಸುಗಳಿಗೆ ಹೇಳಿಕೊಡುವ ಹಾಗೆ. ಅವನು ನನ್ನ ತುಟಿಯನ್ನಲ್ಲ, ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಆಮೇಲೆ ಬಿಟ್ಟೆ. ಈ ಎರಡು ವರ್ಷದಲ್ಲಿ ಅವನಿಗೆ ಒಂದು ಸಲ ಮರೆ ಬಂದು ಹೋಯಿತು. ಬಂದದ್ದೂ ಹೋದದ್ದೂ ಗುಮ್ಮಟದ ಕೂಗಿನಿಂದಲೇ ನನಗೆ ತಿಳಿದದ್ದು, ಮನೆಯಲ್ಲಿ ಏನೂ ಬೇರೆಯಾಗಲಿಲ್ಲ. ಗುಮ್ಮಟಕ್ಕೆ ಈ ವರ್ಷ ಎರಡು ಕಲ್ಲು ಸಿಕ್ಕವು. ಎರಡೂ ಸರದಿಯ ಮುಂದಿನವರಿಗೆ ಹೋದವು.

ಹುಡುಗಿ ಈಗಲೂ ಬರುತ್ತಾಳೆ. ಫಕೀರವ್ವ ತಡೆಯಲಿಲ್ಲ. ನನ್ನನ್ನು ಬಿಟ್ಟರೆ ಅವಳ ಮಗಳ ಜತೆ ಮಾತಾಡಬಲ್ಲವನು ಊರಲ್ಲಿ ಅಪ್ಪನೊಬ್ಬನೇ. ಎತ್ತರವಾಗಿದ್ದಾಳೆ, ಬೆರಳು ಉದ್ದವಾಗಿವೆ. ನಾನು ಒಳಗೆ ಒಲೆಯ ಮುಂದಿದ್ದಾಗ ಕಿಟಕಿಯಿಂದ ಅವರು ಕಾಣುತ್ತಾರೆ. ಹಗ್ಗ ಬದಿಗಿಟ್ಟು ಎದುರುಬದುರು ಕೂತಿರುತ್ತಾರೆ. ನಾಲ್ಕು ಕೈಗಳೂ ಬಿಡುವಿಲ್ಲದೆ ಆಡುತ್ತಿರುತ್ತವೆ. ಎಷ್ಟೋ ಹೊಸ ಸನ್ನೆಗಳು ಹುಟ್ಟಿವೆ, ನನಗೆ ಗೊತ್ತಿಲ್ಲದವು. ಒಮ್ಮೊಮ್ಮೆ ಅಪ್ಪನ ಹೆಗಲು ಕುಣಿಯುತ್ತದೆ. ಹುಡುಗಿ ಏನೋ ಬಹಳ ದೊಡ್ಡ ಕಥೆ ಹೇಳುತ್ತಿರುತ್ತಾಳೆ.

ನಾನು ನೀರಿನ ತಂಬಿಗೆ ಹಿಡಿದು ಹಿತ್ತಲ ಬಾಗಿಲಿಗೆ ಬರುತ್ತೇನೆ. ಇಬ್ಬರೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ನಾನು ಒಳಗೆ ಹೋಗುವವರೆಗೆ.